ದೀಪ ಹಚ್ಚುವ ಹೊತ್ತು

ಸಂಧ್ಯಾಕಾಲದ ಶಾಸ್ತ್ರವಿಚಾರವನ್ನು ವಿದ್ವಾಂಸರು ಆಗಲೇ ತಿಳಿಸಿದ್ದಾರೆ. ನನ್ನದು ಮನೆಯ ಮಾತು.

ನನ್ನ ಬಾಲ್ಯ ಕಳೆದದ್ದು ಬಾಗಲಕೋಟೆ ಸೀಮೆಯಲ್ಲಿ, ಕೃಷ್ಣಾತೀರದ ಒಂದು ಹಳ್ಳಿಯಲ್ಲಿ. ದನಗಳು ಮರಳುವಾಗ ಎದ್ದ ಧೂಳು ಇಳಿಬಿಸಿಲಿಗೆ ಕೆಂಪಾಗಿ ಓಣಿಯ ತುಂಬ ನಿಲ್ಲುತ್ತಿತ್ತು. ಗೋಧೂಳಿ ಎಂಬ ಶಬ್ದವನ್ನು ಪಂಚಾಂಗದಲ್ಲಿ ಓದುವ ಮೊದಲೇ ನಾವು ಅದನ್ನು ಮೂಗಿನಿಂದ ಬಲ್ಲೆವು. ಅಜ್ಜನವರು ಹೊಳೆಯಲ್ಲಿ ಅರ್ಘ್ಯ ಕೊಟ್ಟು ಬರುವಷ್ಟರಲ್ಲಿ ಅವ್ವ ಕಂದೀಲಿನ ಗಾಜನ್ನು ಬೂದಿಯಿಂದ ಒರೆಸಿ, ದೇವರ ಮುಂದೆ ದೀಪ ಹಚ್ಚಿ, ತುಳಸೀಕಟ್ಟೆಗೂ ಒಂದನ್ನು ಒಯ್ಯುತ್ತಿದ್ದಳು. ಆಟ ಬಿಟ್ಟು ಬಂದ ನನಗೆ ಆ ಹೊತ್ತಿನಲ್ಲಿ ಕಾರಣವಿಲ್ಲದೆ ಅಳು ಬರುತ್ತಿತ್ತು. ಹಗಲೂ ಅಲ್ಲ, ಇರುಳೂ ಅಲ್ಲ. ನರಸಿಂಹದೇವರು ಕಂಬದಿಂದ ಹೊರಟದ್ದು ಇದೇ ಹೊತ್ತಿನಲ್ಲಿ ಎಂದು ಅಜ್ಜನವರು ಹೇಳಿದ್ದರಿಂದ ಪಡಸಾಲೆಯ ಕಂಬದ ಹತ್ತಿರ ಹೋಗಲೂ ಅಂಜಿಕೆ. ದೀಪ ಹತ್ತಿತೆಂದರೆ ಅದು ಬರಿಯ ಕಂಬ.

ಮುಂದೆ ಪುಣೆಯಲ್ಲಿ ಮೂವತ್ತು ವರ್ಷ ನೌಕರಿ. ಕಚೇರಿಯ ಟ್ಯೂಬ್‌ಲೈಟಿನ ಕೆಳಗೆ ಸಂಜೆ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಆಲಮಟ್ಟಿಯಲ್ಲಿ 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು 2000ದಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ಆ ಹಿನ್ನೀರಿನೊಳಗೆ ನಮ್ಮ ಮನೆಯೂ ಸೇರಿತು. ಅವ್ವ ನಮ್ಮೊಡನೆ ಪುಣೆಗೆ ಬಂದಳು.

ಕೊನೆಯ ವರ್ಷಗಳಲ್ಲಿ ಅವಳಿಗೆ ಮರೆವು ಆವರಿಸಿತು. ಹಗಲೆಲ್ಲ ಶಾಂತವಾಗಿರುವವಳು ಹೊತ್ತು ಮುಳುಗುತ್ತಲೇ ಚಡಪಡಿಸಿ, ಸೆರಗು ಹೊದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. “ತಮ್ಮಾ, ದೀಪಾ ಹಚ್ಚೋ ಹೊತ್ತಾತು, ಮನಿಗೆ ಹೋಗೋಣು ನಡಿ.” ಮರೆವಿನ ರೋಗಿಗಳಲ್ಲಿ ಸಂಜೆಯ ಈ ತಳಮಳ ಸಾಮಾನ್ಯವೆಂದೂ ಇದಕ್ಕೆ ಸನ್‌ಡೌನಿಂಗ್ ಎನ್ನುವರೆಂದೂ ವೈದ್ಯರು ತಿಳಿಸಿದರು. ಹೆಸರು ತಿಳಿದ ಮಾತ್ರಕ್ಕೆ ತಾಳ್ಮೆ ಬರಲಿಲ್ಲ. ಒಂದು ದಿನ ದಣಿದು ಬಂದವನು, “ಆ ಮನಿ ನೀರಾಗ ಹೋಗೇದವ್ವಾ” ಎಂದುಬಿಟ್ಟೆ. ಅವಳು ಅದನ್ನು ಮೊದಲ ಸಲ ಕೇಳಿದವಳಂತೆ ಅತ್ತಳು. ಆ ಅಳು ನನ್ನಿಂದಾದದ್ದು. ಇಂದಿಗೂ ಅದು ನನ್ನನ್ನು ಬಿಟ್ಟಿಲ್ಲ.

ಮರುದಿನ ಬೇಗ ಬಂದೆ. ವಿದ್ಯುದ್ದೀಪಗಳನ್ನು ಆರಿಸಿ, ಹೂಬತ್ತಿ, ಎಣ್ಣೆ, ಹಿತ್ತಾಳೆಯ ನಿಲಾಂಜನಗಳನ್ನು ಅವಳ ಮುಂದಿಟ್ಟೆ. ನನ್ನ ಹೆಸರನ್ನೂ ಮರೆತಿದ್ದ ಆ ಕೈಗಳು ಬತ್ತಿಯನ್ನು ತಪ್ಪಿಲ್ಲದೆ ಹೊಸೆದವು. ದೀಪ ಹಚ್ಚಿ, ಬೆಳಕಿಗೆ ಕೈ ಮುಗಿದು ಕೇಳಿದಳು: “ಮಾವನೋರು ಹೊಳಿಯಿಂದ ಬಂದ್ರೇನೋ?”

“ಬಂದಾರವ್ವಾ” ಎಂದೆ.

ಅಂದು ಅವಳು ಬಾಗಿಲಿಗೆ ಹೋಗಲಿಲ್ಲ. ಈಗ ಆ ದೀಪವನ್ನು ನಾನೇ ಹಚ್ಚುತ್ತೇನೆ. ಕೈ ಇನ್ನೂ ಪಳಗಿಲ್ಲ, ಎಣ್ಣೆ ಚೆಲ್ಲುತ್ತದೆ.

ಶ್ರೀಕೃಷ್ಣಾರ್ಪಣಮಸ್ತು.