ವಿದ್ವನ್ಮನ್ನಣೆಯೂ ಅದರ ಋಣವೂ
(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



ವಿದ್ವಾಂಸನನ್ನು ಮನ್ನಿಸುವುದು ಈ ನಾಡಿಗೆ ಹೊಸ ಪದ್ಧತಿಯಲ್ಲ. ಶಾಲು ಹೊದಿಸಿ, ಫಲತಾಂಬೂಲವನ್ನಿತ್ತು, ನಾಲ್ಕು ಜನರೆದುರಿಗೆ ಅವನ ಯೋಗ್ಯತೆಯನ್ನು ಸಾರುವ ರೂಢಿಯು ಹಳ್ಳಿಯ ಜಗಲಿಯಿಂದ ಅರಮನೆಯವರೆಗೂ ನಡೆದುಬಂದಿದೆ. ವಿಶ್ವವಿದ್ಯಾನಿಲಯಗಳಲ್ಲಿ ಆ ಮನ್ನಣೆಯೇ ಪದಕ, ಪಾರಿತೋಷಕ, ಗೌರವಪದವಿ, ವಿದ್ವತ್ಸಂಘಗಳ ಸದಸ್ಯತ್ವ ಎಂಬ ಬೇರೆ ಬೇರೆ ಹೆಸರುಗಳನ್ನು ತಳೆದಿದೆ. ರಸಾಯನಶಾಸ್ತ್ರದ ಅಧ್ಯಾಪಕನು ವರ್ಷಗಟ್ಟಲೆ ಹೊಗೆ, ಆಮ್ಲ, ಬೆಂಕಿಗಳ ನಡುವೆ ನಿಂತು ಮಾಡಿದ ಕೆಲಸವು ಹೊರಗಿನವರ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಇಂಥ ಮನ್ನಣೆಯ ದಿನದಲ್ಲಿಯೇ. ಆದರೆ ಮನ್ನಣೆಯು ಯಾರಿಗೆ ಸಲ್ಲಬೇಕು, ಪಡೆದವನು ಅದನ್ನು ಏನು ಮಾಡಬೇಕು ಎಂಬ ಎರಡು ಪ್ರಶ್ನೆಗಳನ್ನು ವಿಚಾರಿಸದೆ ಹೊದಿಸಿದ ಶಾಲು ಬರಿಯ ಬಟ್ಟೆಯಾಗಿ ಉಳಿಯುವುದು.

ಎರಡನೆಯ ಪ್ರಶ್ನೆಗೆ ಕಲಕತ್ತೆಯ ಆಚಾರ್ಯ ಪ್ರಫುಲ್ಲಚಂದ್ರ ರಾಯರ ಜೀವಿತವೇ ಉತ್ತರವಾಗಿದೆ. ಅವರು ೧೮೬೧ನೆಯ ಇಸವಿ ಆಗಸ್ಟ್ ೨ರಂದು ವಂಗದೇಶದ ರಾರುಲಿ ಗ್ರಾಮದಲ್ಲಿ ಜನಿಸಿದರು. ೧೮೮೨ರಲ್ಲಿ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನವನ್ನು ಸ್ಪರ್ಧೆಯಿಂದ ಗೆದ್ದು ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ತೆರಳಿ, ಕ್ರಮ್ ಬ್ರೌನರ ಶಿಷ್ಯರಾಗಿ, ೧೮೮೭ರಲ್ಲಿ ಡಾಕ್ಟರ್ ಆಫ್ ಸೈನ್ಸ್ ಪದವಿಯನ್ನು ಪಡೆದರು. ಇಷ್ಟು ಓದಿ ೧೮೮೮ರಲ್ಲಿ ಸ್ವದೇಶಕ್ಕೆ ಮರಳಿದವರಿಗೆ ಸುಮಾರು ಒಂದು ವರ್ಷ ಉದ್ಯೋಗವೇ ದೊರೆಯಲಿಲ್ಲ. ವಿದ್ಯಾಶಾಖೆಯ ಮೇಲ್ದರ್ಜೆಯ ಸ್ಥಾನಗಳು ಬಹುಮಟ್ಟಿಗೆ ಆಂಗ್ಲರಿಗೇ ಮೀಸಲಾಗಿದ್ದ ಕಾಲವದು. ಕೊನೆಗೆ ೧೮೮೯ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಿಂಗಳಿಗೆ ೨೫೦ ರೂಪಾಯಿಗಳ ಸಹಾಯಕ ಅಧ್ಯಾಪಕತ್ವವು ದೊರಕಿತು. ಯೋಗ್ಯತೆಗೆ ತಕ್ಕ ಸ್ಥಾನ ಸಿಗದ ನೋವನ್ನು ಅವರು ಬಲ್ಲವರಾಗಿದ್ದರು. ಆದರೆ ಆ ನೋವನ್ನು ಕೆಲಸದ ಮೇಲೆ ತೀರಿಸಿಕೊಳ್ಳಲಿಲ್ಲ.

ಪಾದರಸದ ಮೇಲೆ ನೀರು ಬೆರೆಸಿದ ನೈಟ್ರಿಕ್ ಆಮ್ಲವು ವರ್ತಿಸುವಾಗ ಒಮ್ಮೆ ಹಳದಿಬಣ್ಣದ ಹರಳುಗಳು ಕಾಣಿಸಿಕೊಂಡವು. ಬೇರೊಬ್ಬನಾದರೆ ತೊಳೆದು ಚೆಲ್ಲುತ್ತಿದ್ದನೇನೋ! ರಾಯರು ಅದನ್ನು ಪರೀಕ್ಷಿಸಿ, ಅದು ಮರ್ಕ್ಯುರಸ್ ನೈಟ್ರೈಟ್ ಎಂಬ ಲವಣವೆಂದು ನಿರ್ಣಯಿಸಿ, ೧೮೯೬ರಲ್ಲಿ ಪ್ರಕಟಿಸಿದರು. ೧೯೦೨ರಲ್ಲಿ ಭಾರತೀಯರ ಪ್ರಾಚೀನ ರಸಾಯನವಿದ್ಯೆಯ ಇತಿಹಾಸದ ಮೊದಲನೆಯ ಸಂಪುಟವನ್ನು ಹೊರತಂದರು. ಇವುಗಳ ಹಿಂದೆಯೇ ಮನ್ನಣೆಗಳೂ ಬಂದವು: ೧೯೧೯ರಲ್ಲಿ 'ಸರ್' ಬಿರುದು, ೧೯೨೦ರಲ್ಲಿ ಭಾರತೀಯ ವಿಜ್ಞಾನ ಮಹಾಸಭೆಯ ಅಧ್ಯಕ್ಷತೆ, ೧೯೨೪ರಲ್ಲಿ ಸ್ಥಾಪಿತವಾದ ಭಾರತೀಯ ರಸಾಯನಸಂಘದ ಪ್ರಥಮಾಧ್ಯಕ್ಷ ಪದವಿ. ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಮಾತ್ರ ಅವರಿಗೆ ಎಂದೂ ಬರಲಿಲ್ಲ. ಅದಿಲ್ಲದುದರಿಂದ ಅವರ ಕೆಲಸದ ತೂಕ ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ.

ಈಗ ವಿಚಾರಿಸತಕ್ಕುದು ಅವರು ಪಡೆದುದನ್ನಲ್ಲ, ಹಿಂದಿರುಗಿಸಿದುದನ್ನು. ೧೯೧೬ರಲ್ಲಿ ಅವರು ಕಲಕತ್ತೆಯ ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜಿನಲ್ಲಿ ಪಾಲಿತ್ ಅಧ್ಯಾಪಕರಾದರು. ೧೯೨೧ರಲ್ಲಿ ಅರವತ್ತು ವರ್ಷಗಳು ತುಂಬಿದಾಗ, ಅಲ್ಲಿಂದ ಮುಂದಿನ ತಮ್ಮ ವೇತನವನ್ನೆಲ್ಲ ರಸಾಯನಶಾಸ್ತ್ರವಿಭಾಗದ ಏಳಿಗೆಗಾಗಿ ವಿಶ್ವವಿದ್ಯಾನಿಲಯಕ್ಕೇ ಬಿಟ್ಟುಕೊಟ್ಟರು. ಮದುವೆಯಾಗದೆ, ಕಾಲೇಜಿನ ಕಟ್ಟಡದಲ್ಲಿಯೇ ಒಂದು ಕೋಣೆಯಲ್ಲಿ ವಾಸಿಸುತ್ತ, ೧೯೩೬ರವರೆಗೂ ಪಾಠ ಹೇಳಿದರು. ೧೯೨೨ರಲ್ಲಿ ೧೦,೦೦೦ ರೂಪಾಯಿಗಳ ನಿಧಿಯನ್ನಿಟ್ಟು, ರಸಾಯನಶಾಸ್ತ್ರದಲ್ಲಿ ಉತ್ತಮ ಸಂಶೋಧನೆ ಮಾಡಿದವರಿಗಾಗಿ ಒಂದು ಪಾರಿತೋಷಕವನ್ನು ಏರ್ಪಡಿಸಿದರು. ಅದಕ್ಕೆ ತಮ್ಮ ಹೆಸರನ್ನಿಡಲಿಲ್ಲ; ಪ್ರಾಚೀನ ರಸವಾದಿಯಾದ ನಾಗಾರ್ಜುನನ ಹೆಸರನ್ನಿಟ್ಟರು. ತಾವು ಕೊಟ್ಟ ದಾನದ ಮೇಲೆ ತಮ್ಮ ಹೆಸರನ್ನು ಬರೆಯಿಸದೆ ಇರುವುದು ಕೊಡುವುದಕ್ಕಿಂತ ಕಠಿನವಾದುದು.

ಆಚಾರ್ಯನ ನಿಜವಾದ ಪದಕಗಳು ಅವನ ಶಿಷ್ಯರು. ರಾಯರ ಶಿಷ್ಯರಲ್ಲೊಬ್ಬರಾದ ಜ್ಞಾನಚಂದ್ರ ಘೋಷರು ೧೯೩೯ರಿಂದ ೧೯೪೮ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರದ ನಿರ್ದೇಶಕರಾಗಿದ್ದರು. ಕಲಕತ್ತೆಯಲ್ಲಿ ಹಚ್ಚಿದ ದೀಪದ ಬೆಳಕು ಹೀಗೆ ಕನ್ನಡನಾಡಿಗೂ ತಲುಪಿತು. ರಾಯರು ೧೯೪೪ನೆಯ ಜೂನ್ ೧೬ರಂದು ಕಾಲವಾದರು. ೨೦೧೧ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯು ಅವರ ಸ್ಮಾರಕಫಲಕವನ್ನು ನೀಡಿತು. ಆ ಸಂಸ್ಥೆಯು ಯೂರೋಪಿನ ಹೊರಗೆ ಕೊಟ್ಟ ಇಂಥ ಫಲಕಗಳಲ್ಲಿ ಇದೇ ಮೊದಲನೆಯದು.

ಇನ್ನು ಮೊದಲನೆಯ ಪ್ರಶ್ನೆ: ಮನ್ನಣೆಯು ಯಾರಿಗೆ ಸಲ್ಲಬೇಕು? ಪ್ರಯೋಗಶಾಲೆಯಲ್ಲಿ ಅಧ್ಯಾಪಕನೊಬ್ಬನೇ ಇರುವುದಿಲ್ಲ. ಸೀಸೆಗಳನ್ನು ತೊಳೆಯುವವನು, ತಕ್ಕಡಿಯನ್ನು ಕಾಯುವವನು, ಗಾಜನ್ನು ಊದುವವನು ಇವರಿಲ್ಲದೆ ಒಂದು ಪ್ರಯೋಗವೂ ಸಾಗದು. ಮ್ಯಾಂಚೆಸ್ಟರಿನ ವಿಶ್ವವಿದ್ಯಾನಿಲಯದಲ್ಲಿದ್ದ ಅರ್ನೆಸ್ಟ್ ರುದರ್‌ಫರ್ಡರಿಗೆ ೧೯೦೮ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಅದು ಅವರ ಹಿಂದಿನ ಸಂಶೋಧನೆಗಳಿಗೆ ಸಂದ ಮನ್ನಣೆ. ಅದೇ ಕಾಲದಲ್ಲಿ ಅವರು ರಾಯ್ಡ್ಸ್ ಎಂಬ ಸಹೋದ್ಯೋಗಿಯೊಡನೆ, ಆಲ್ಫಾ ಕಣವು ಹೀಲಿಯಮ್ಮೇ ಎಂಬುದನ್ನು ಸಿದ್ಧಪಡಿಸುವ ಪರೀಕ್ಷೆಯಲ್ಲಿದ್ದರು. ಅದಕ್ಕೆ ಕಣಗಳು ತೂರಿಹೋಗುವಷ್ಟು ತೆಳ್ಳಗಾಗಿಯೂ, ಒಳಗಿನ ಅನಿಲವು ಸೋರದಷ್ಟು ಗಟ್ಟಿಯಾಗಿಯೂ ಇರುವ ಗಾಜಿನ ಕೊಳವೆ ಬೇಕಾಗಿದ್ದಿತು. ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ತೆಳುವಾದ ಗೋಡೆಯ ಆ ಕೊಳವೆಯನ್ನು ಊದಿಕೊಟ್ಟವನು ಒಟ್ಟೋ ಬೌಂಬಾಖ್ ಎಂಬ ಗಾಜುಗೆಲಸದವನು. ಪದಕದ ಮೇಲೆ ಅವನ ಹೆಸರಿಲ್ಲ. ಆದರೆ ರುದರ್‌ಫರ್ಡರು ೧೯೦೯ರ ತಮ್ಮ ಲೇಖನದಲ್ಲಿ ಅವನನ್ನು ಹೆಸರಿಸಿದರು. ಅವನ ಉಸಿರು ಒಂದಿಷ್ಟು ತಪ್ಪಿದ್ದರೆ ಆ ಸಿದ್ಧಾಂತದ ಪ್ರಮಾಣವು ಕಾಯಬೇಕಾಗುತ್ತಿತ್ತು.

ಆದುದರಿಂದ ಮನ್ನಣೆ ಮಾಡುವವರು ವೇದಿಕೆಯ ಮೇಲೆ ನಿಂತವನನ್ನು ಮಾತ್ರ ನೋಡಿದರೆ ಸಾಲದು. ಅವನ ಬೆನ್ನ ಹಿಂದೆ ದುಡಿದ ಕೈಗಳನ್ನೂ ಹುಡುಕಬೇಕು. ಮನ್ನಣೆ ಪಡೆದವನು ಅದನ್ನು ತನ್ನ ಮನೆಯ ಗೋಡೆಗೆ ತೂಗುಹಾಕಿ ತೃಪ್ತನಾಗಬಾರದು. ಮುಂದೆ ಬರುವ ಬಡ ವಿದ್ಯಾರ್ಥಿಗೆ ಅದೊಂದು ಮೆಟ್ಟಿಲಾಗುವಂತೆ ಮಾಡಬೇಕು. ಬಿರುದು ಸಾಲವಿದ್ದಂತೆ, ತೀರಿಸಿದವನಿಗೆ ಮಾತ್ರ ಅದು ಭೂಷಣ. ಈ ಸಭೆಯಲ್ಲಿ ಕುಳಿತಿರುವ ಎಳೆಯರಲ್ಲಿ ಯಾರಿಗೆ ಮುಂದೆ ಶಾಲು ಹೊದಿಸುವ ದಿನ ಬಂದರೂ, ಆ ಹೊತ್ತಿನಲ್ಲಿ ಕಲಕತ್ತೆಯ ಒಂದು ಕೋಣೆಯೂ, ಮ್ಯಾಂಚೆಸ್ಟರಿನ ಒಂದು ಗಾಜಿನ ಕೊಳವೆಯೂ ಅವರ ನೆನಪಿಗೆ ಬರಲಿ.