ನಾಯಿಯ ಹೊಟ್ಟೆಯ ಲಾಡಿಹುಳು: ಪತ್ತೆ ಮಾಡುವುದು ಹೇಗೆ?

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಜಾನುವಾರು ಆರೋಗ್ಯ ಶಿಬಿರದಲ್ಲಿ ಪಶುವೈದ್ಯರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ತುಂಬಿದ ಸಂಘಕ್ಕೆ ಮೊದಲು ನನ್ನ ಅಭಿನಂದನೆಗಳು. ಹಸು ಎಮ್ಮೆ ವಿಚಾರ ಹೇಳ್ತಾರೆ ಅಂತ ಬಂದರೆ ಈ ಡಾಕ್ಟರು ನಾಯಿ ವಿಷಯ ಎತ್ತಿದರಲ್ಲಾ ಎಂದು ನಿಮಗೆ ಅನ್ನಿಸಬಹುದು. ಆದರೆ ಕೊಟ್ಟಿಗೆ ಕಾಯುವುದು ನಾಯಿ, ಕುರಿಹಟ್ಟಿ ಕಾಯುವುದು ನಾಯಿ, ಮಕ್ಕಳ ಜೊತೆ ಅಂಗಳದಲ್ಲಿ ಆಡುವುದೂ ನಾಯಿಯೇ. ಅದರ ಹೊಟ್ಟೆಯ ಹುಳು ಕುರಿ, ದನ, ಮನುಷ್ಯ ಎಲ್ಲರನ್ನೂ ಕಾಡಬಲ್ಲದು. ಆದ್ದರಿಂದ ಇದು ಹಾಲಿನ ಸಂಘದಲ್ಲಿ ಆಡಬೇಕಾದ ಮಾತೇ ಸರಿ.

ಲಾಡಿಹುಳು ಎಂದರೆ ಹೆಸರೇ ಹೇಳುವಂತೆ ಚಪ್ಪಟೆಯಾಗಿ ಲಾಡಿಯ ಹಾಗಿರುವ ಹುಳು. ತಲೆಯನ್ನು ಕರುಳಿನ ಗೋಡೆಗೆ ಕಚ್ಚಿಕೊಂಡು ಅದು ಒಳಗೇ ಇರುತ್ತದೆ. ಮೈ ತುಂಬ ತುಂಡು ತುಂಡಾದ ಭಾಗಗಳು. ತುದಿಯ ತುಂಡು ಬಲಿತಾಗ ಮೊಟ್ಟೆಗಳ ಸಮೇತ ಕಳಚಿ ಮಲದಲ್ಲಿ ಹೊರಗೆ ಬೀಳುತ್ತದೆ. ನಾವು ಪತ್ತೆ ಮಾಡಬೇಕಾದದ್ದು ಈ ತುಂಡನ್ನು ಅಥವಾ ಮೊಟ್ಟೆಯನ್ನು.

ನಮ್ಮ ಕಡೆ ತಿಳಿದಿರಬೇಕಾದ ಲಾಡಿಹುಳು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಚಿಗಟದಿಂದ ಬರುವುದು. ಇದರ ಹೆಸರು ಡಿಪೈಲಿಡಿಯಂ. ನಾಯಿ ಮೈ ಕಚ್ಚಿಕೊಳ್ಳುವಾಗ ಚಿಗಟವನ್ನು ನುಂಗುತ್ತದೆ, ಎರಡು ಮೂರು ವಾರದಲ್ಲಿ ಹುಳು ಬೆಳೆದು ತುಂಡು ಬೀಳಲು ಶುರುವಾಗುತ್ತದೆ. ಹಸಿಯಾಗಿದ್ದಾಗ ತುಂಡು ಸೌತೆಬೀಜದ ಹಾಗೆ ಕಾಣುತ್ತದೆ, ಮೆಲ್ಲಗೆ ಮಿಸುಕಾಡುತ್ತದೆ. ಒಣಗಿದರೆ ಕುಗ್ಗಿ ಎಳ್ಳಿನ ಹಾಗಾಗಿ ಬಾಲದ ಕೆಳಗಿನ ಕೂದಲಿಗೆ, ಮಲಗುವ ಗೋಣಿಗೆ ಅಂಟಿಕೊಂಡಿರುತ್ತದೆ. ಚಿಗಟ ಅಕಸ್ಮಾತ್ ಬಾಯಿಗೆ ಹೋದರೆ ಚಿಕ್ಕ ಮಕ್ಕಳಿಗೂ ಈ ಹುಳು ಬರಬಹುದು. ಆದರೆ ಅದು ಅಪರೂಪ, ಔಷಧಿಯಿಂದ ವಾಸಿಯಾಗುತ್ತದೆ.

ಎರಡನೆಯದು ಟೀನಿಯಾ ಜಾತಿ. ಇದರ ತುಂಡು ದೊಡ್ಡದು, ಬಿಳಿಯದು, ಕಣ್ಣಿಗೆ ಕಾಣುತ್ತದೆ. ಇದರಲ್ಲಿ ಒಂದು ಬಗೆಯ ಮೊಟ್ಟೆ ಹುಲ್ಲಿನ ಮೂಲಕ ಕುರಿಯ ಹೊಟ್ಟೆ ಸೇರಿದರೆ ಮರಿಹುಳು ಮಿದುಳಿಗೆ ಹೋಗಿ ನೀರುಗುಳ್ಳೆಯಾಗುತ್ತದೆ. ಕುರಿ ತಲೆ ವಾಲಿಸಿಕೊಂಡು ಒಂದೇ ಕಡೆಗೆ ಸುತ್ತು ಹೊಡೆಯುವುದನ್ನು ಕುರಿ ಸಾಕುವವರು ನೋಡಿರುತ್ತೀರಿ. ಅದಕ್ಕೆ ಇದೂ ಒಂದು ಕಾರಣ. ಸತ್ತ ಅಂಥ ಕುರಿಯ ತಲೆಯನ್ನು ನಾಯಿಗೆ ಎಸೆದರೆ ಹುಳು ಮತ್ತೆ ನಾಯಿಯ ಹೊಟ್ಟೆಗೇ ಬಂದು ಸೇರಿತು ಎಂದೇ ಲೆಕ್ಕ.

ಮೂರನೆಯದೇ ನಿಜವಾಗಿ ಭಯಪಡಬೇಕಾದ್ದು. ಎಕೈನೊಕಾಕಸ್ ಅಂತ ಇದರ ಹೆಸರು. ಇಡೀ ಹುಳುವೇ ಕೆಲವು ಮಿಲಿಮೀಟರ್ ಉದ್ದ, ರಾಗಿ ಕಾಳಿಗಿಂತ ಸ್ವಲ್ಪ ಉದ್ದ ಅನ್ನಿ. ನಾಯಿಯಲ್ಲಿ ಸಾವಿರಗಟ್ಟಲೆ ಇದ್ದರೂ ನಾಯಿ ದಷ್ಟಪುಷ್ಟವಾಗಿಯೇ ಇರುತ್ತದೆ. ಮಲದಲ್ಲಿ ನಮ್ಮ ಕಣ್ಣಿಗೆ ಏನೂ ಬೀಳುವುದಿಲ್ಲ. ಇದರ ಮೊಟ್ಟೆ ಕೈ, ಸೊಪ್ಪು, ನೀರಿನ ಮೂಲಕ ಮನುಷ್ಯನ ಹೊಟ್ಟೆ ಸೇರಿದರೆ ಈಲಿ, ಪುಪ್ಪಸಗಳಲ್ಲಿ ನೀರುಗುಳ್ಳೆಯಾಗಿ ವರ್ಷಾನುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಎಷ್ಟೋ ಸಲ ಆಪರೇಷನ್ನೇ ಗತಿ. ಇದಕ್ಕೆ ಹೈಡಾಟಿಡ್ ರೋಗ ಎನ್ನುತ್ತಾರೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಕಣ್ಣಿಗೆ ಕಾಣುವ ಹುಳುವಿನಿಂದ ಮನುಷ್ಯನಿಗೆ ಅಪಾಯ ಕಡಿಮೆ. ಹೆಚ್ಚು ಅಪಾಯದ ಹುಳು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ "ನಮ್ಮ ನಾಯಿ ಚೆನ್ನಾಗಿದೆ, ಹುಳ ಬಿದ್ದಿಲ್ಲ" ಎಂಬ ಮಾತನ್ನು ನಂಬಿ ಕೂರಬಾರದು. ಹಾಲಿನ ಫ್ಯಾಟ್ ಎಷ್ಟಿದೆ ಅಂತ ನಾವು ಕಣ್ಣಲ್ಲಿ ನೋಡಿ ಹೇಳ್ತೀವಾ? ಟೆಸ್ಟ್ ಮಾಡಿಯೇ ತಾನೇ ರೇಟು ಕಟ್ಟೋದು? ಇದೂ ಹಾಗೆಯೇ.

ಇನ್ನು ಪತ್ತೆಯ ವಿಧಾನಕ್ಕೆ ಬರೋಣ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ವಾರಕ್ಕೊಮ್ಮೆ ನಾಯಿಯ ಬಾಲ ಎತ್ತಿ ನೋಡಿ, ಮಲಗುವ ಜಾಗ ನೋಡಿ, ಹೊಸದಾಗಿ ಹಾಕಿದ ಮಲವನ್ನು ನೋಡಿ. ಹಳೇ ಮಲದಲ್ಲಿ ನೊಣದ ಹುಳ ಇರುತ್ತದೆ, ಅದನ್ನು ಕಂಡು ಗಾಬರಿ ಬೇಡ. ಶಾವಿಗೆಯ ಹಾಗೆ ಉದ್ದಕ್ಕೆ, ದುಂಡಗೆ ಇದ್ದರೆ ಅದು ದುಂಡುಹುಳು, ಲಾಡಿಹುಳು ಅಲ್ಲ. ಕೆಲವು ನಾಯಿಗಳು ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತವೆ. ಅದು ಲಾಡಿಹುಳದಿಂದಲೂ ಇರಬಹುದು, ಗುದದ ಪಕ್ಕದ ಗ್ರಂಥಿ ಕಟ್ಟಿಕೊಂಡಿದ್ದರಿಂದಲೂ ಇರಬಹುದು. ಉಜ್ಜಿತು ಎಂದ ಮಾತ್ರಕ್ಕೆ ಹುಳು ಇದೆ ಎಂದು ತೀರ್ಮಾನಿಸಬೇಡಿ.

ಆಸ್ಪತ್ರೆಗೆ ತರುವುದಾದರೆ ಅಡಿಕೆ ಗಾತ್ರದಷ್ಟು ಹೊಸ ಮಲವನ್ನು ಮುಚ್ಚಳವಿರುವ ಚೊಕ್ಕ ಡಬ್ಬಿಯಲ್ಲಿ ಅದೇ ದಿನ ತನ್ನಿ. ಬರಿಗೈಯಲ್ಲಿ ಮುಟ್ಟಬೇಡಿ, ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ. ತುಂಡು ಸಿಕ್ಕಿದ್ದರೆ ಸ್ವಲ್ಪ ನೀರು ಹಾಕಿದ ಸೀಸೆಯಲ್ಲಿ ತನ್ನಿ, ಅದನ್ನು ನೋಡಿದರೆ ಜಾತಿ ಹೇಳುವುದು ಸುಲಭ. ಲ್ಯಾಬಿನಲ್ಲಿ ಮಲವನ್ನು ಗಟ್ಟಿ ಉಪ್ಪುನೀರಿನಲ್ಲಿ ಕದಡುತ್ತಾರೆ. ಹಗುರವಾದ ಮೊಟ್ಟೆಗಳು ಮೇಲೆ ತೇಲುತ್ತವೆ, ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಆದರೆ ಈ ಪರೀಕ್ಷೆಗೂ ಮಿತಿ ಇದೆ. ತುಂಡುಗಳು ದಿನಾ ಬೀಳುವುದಿಲ್ಲ. ಇವತ್ತಿನ ಮಲದಲ್ಲಿ ಸಿಗದಿದ್ದರೆ ನಾಡಿದ್ದಿನ ಮಲದಲ್ಲಿ ಸಿಗಬಹುದು. ಹಾಗಾಗಿ ಒಂದು ದಿನ ಬಿಟ್ಟು ಒಂದು ದಿನ ಮೂರು ಸಲ ತರುವುದು ಒಳ್ಳೆಯದು. ಇನ್ನೊಂದು ತೊಡಕೆಂದರೆ, ಟೀನಿಯಾ ಮತ್ತು ಎಕೈನೊಕಾಕಸ್ ಮೊಟ್ಟೆಗಳು ನೋಡಲು ಒಂದೇ ಥರ. ಬೇರೆ ಮಾಡಿ ಹೇಳಬೇಕಾದರೆ ದೊಡ್ಡ ಪ್ರಯೋಗಾಲಯಗಳಲ್ಲಿ ಮಾಡುವ ಎಲೈಸಾ, ಪಿಸಿಆರ್ ಪರೀಕ್ಷೆಗಳೇ ಬೇಕು. ಹಿಂದೆ ನಮ್ಮ ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಅಂಶದಿಂದ ಔಷಧಿ ಮಾಡಿ, ನಾಯಿಗೆ ಭೇದಿ ಮಾಡಿಸಿ ಹುಳು ಹುಡುಕುತ್ತಿದ್ದರು. ಅದು ನಾಯಿಯ ಜೀವಕ್ಕೇ ಕುತ್ತು ತರಬಲ್ಲದು. ದಯವಿಟ್ಟು ಯಾರೂ ನಾಯಿಗೆ ಅಡಿಕೆ ತಿನ್ನಿಸಲು ಹೋಗಬೇಡಿ.

ಹಾಗಾದರೆ ಹಳ್ಳಿಯಲ್ಲಿ ಮಾಡುವುದೇನು? ಹಸಿ ಮಾಂಸ, ಬೋಟಿ ಸಿಗುವ ನಾಯಿಯಲ್ಲಿ ಹುಳು ಇದೆ ಎಂದೇ ತಿಳಿದು ನಡೆದುಕೊಳ್ಳುವುದು ಕ್ಷೇಮ. ಇದಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆ ಇದೆ. ನಾಯಿಯ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ, ಅಂದರೆ 10 ಕಿಲೋ ನಾಯಿಗೆ 50 ಮಿಲಿಗ್ರಾಂ. ದುಂಡುಹುಳಕ್ಕೆ ಕೊಡುವ ಪಿಪರಜಿನ್ ಔಷಧಿ ಲಾಡಿಹುಳಕ್ಕೆ ನಾಟುವುದಿಲ್ಲ. "ಹುಳದ ಔಷಧಿ ಹಾಕಿದ್ದೀವಲ್ಲ ಸಾರ್" ಎನ್ನುವವರು ಯಾವ ಔಷಧಿ ಎಂದು ನೋಡಿಕೊಳ್ಳಿ. ಎಕೈನೊಕಾಕಸ್ ನಾಯಿಯಲ್ಲಿ ಬಲಿತು ಮೊಟ್ಟೆ ಬಿಡಲು ಸುಮಾರು 6 ವಾರ ಬೇಕು. ಅದಕ್ಕೇ ಹಸಿ ಮಾಂಸ ತಿನ್ನುವ ನಾಯಿಗೆ 6 ವಾರಕ್ಕೊಮ್ಮೆ ಮಾತ್ರೆ ಎಂಬ ಲೆಕ್ಕ. ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಆದ್ದರಿಂದ ಮಾತ್ರೆ ಕೊಟ್ಟ ಮೇಲೆ ಎರಡು ಮೂರು ದಿನ ನಾಯಿಯನ್ನು ಕಟ್ಟಿ, ಮಲವನ್ನು ಆಳವಾಗಿ ಹೂಳಬೇಕು. ಚಿಗಟದ ಹುಳುವಾದರೆ ಚಿಗಟವನ್ನೂ ತೆಗೆಯಬೇಕು. ಇಲ್ಲದಿದ್ದರೆ ತಿಂಗಳೊಳಗೆ ಹುಳು ಮತ್ತೆ ಹಾಜರು.

ಎಲ್ಲಕ್ಕಿಂತ ದೊಡ್ಡ ಕೆಲಸ ಹಬ್ಬದ ದಿನ ಮಾಡುವಂಥದ್ದು. ಮಾರಿಹಬ್ಬದಲ್ಲಿ ಕುರಿ ಕೊಯ್ದಾಗ ಈಲಿಯಲ್ಲೋ ಪುಪ್ಪಸದಲ್ಲೋ ನೀರುಗುಳ್ಳೆ ಕಂಡರೆ ನಾವು ತಿನ್ನುವುದಿಲ್ಲ, ಅಸಹ್ಯಪಟ್ಟು ನಾಯಿಗೆ ಎಸೆಯುತ್ತೇವೆ. ಆ ಗುಳ್ಳೆಯೊಳಗೇ ಮುಂದಿನ ಹುಳುವಿನ ಬೀಜ ಇರುವುದು. ಆ ಗುಳ್ಳೆಯನ್ನು ನಾಯಿ ತಿಂದರೆ ಎರಡು ತಿಂಗಳೊಳಗೆ ಅದರ ಮಲ ನಮ್ಮ ಅಂಗಳಕ್ಕೆ ಅಪಾಯ. ಅದನ್ನು ಸುಡಿ, ಇಲ್ಲವೇ ನಾಯಿ ಕೆದಕಲಾಗದಷ್ಟು ಆಳಕ್ಕೆ ಹೂಳಿ.

ಇದು ಆಗದ ಕೆಲಸವೇನಲ್ಲ. ಒಂದು ಕಾಲಕ್ಕೆ ಐಸ್‌ಲ್ಯಾಂಡ್ ದೇಶದಲ್ಲಿ ಈ ರೋಗ ಮನೆಮನೆಯ ಗೋಳಾಗಿತ್ತು. 1864ರಲ್ಲಿ ಹೆರಾಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ವಿಜ್ಞಾನಿ ಬರೆದ ಒಂದು ಸಣ್ಣ ಪುಸ್ತಕವನ್ನು ಅಲ್ಲಿನ ಮನೆಗಳಿಗೆ ಹಂಚಿದರು. ಜನ ಓದಿದರು, ಗುಳ್ಳೆಗಳನ್ನು ನಾಯಿಗೆ ಹಾಕುವುದನ್ನು ಬಿಟ್ಟರು, ನಾಯಿಗಳಿಗೆ ಔಷಧಿ ಕೊಟ್ಟರು. ಕಾಲಕ್ರಮದಲ್ಲಿ ರೋಗ ಆ ದೇಶವನ್ನೇ ಬಿಟ್ಟುಹೋಯಿತು.

ಈ ಸ್ಮರಣ ಸಂಚಿಕೆಯೂ ನಿಮ್ಮ ಮನೆಮನೆಗೆ ಬರುತ್ತದೆ. ನನ್ನದೊಂದು ಕೋರಿಕೆ. ಹಾಲು ಹಾಕಲು ಬರುವ ಜಾಗದಲ್ಲಿ ಒಂದು ಬೋರ್ಡ್ ಹಾಕಿ, ಊರಿನ ನಾಯಿಗಳಿಗೆ ಮಾತ್ರೆ ಕೊಡುವ ದಿನವನ್ನು ಬರೆಯಿರಿ. ಒಬ್ಬರು ಕೊಟ್ಟು ಇನ್ನೊಬ್ಬರು ಬಿಟ್ಟರೆ ಫಲವಿಲ್ಲ. ಹತ್ತು ಮನೆಯ ಹಾಲು ಒಂದು ಕ್ಯಾನಿಗೆ ಸೇರಿಸಿ ಇಪ್ಪತ್ತೈದು ವರ್ಷ ನಡೆಸಿದ ನಿಮಗೆ ಒಗ್ಗಟ್ಟಿನ ಪಾಠವನ್ನು ನಾನು ಹೇಳಬೇಕಾಗಿಲ್ಲ.