ತಪ್ಪು ಯಾರದು ಎನ್ನುವ ಮೊದಲು



ಸಕಲೇಶಪುರ, ಆಲೂರಿನಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಸೇರುವ ನಿಮಗೆ ‘ರೆಟ್ರೋಸ್ಪೆಕ್ಟಿವ್’ ಎಂಬ ಸಭೆ ಎದುರಾಗುತ್ತದೆ. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ತಂಡ ಕುಳಿತು ತನ್ನ ಕೆಲಸದ ರೀತಿಯನ್ನು ತಿರುಗಿ ನೋಡುತ್ತದೆ. 2001ರ ಅಜೈಲ್ ಪ್ರಣಾಳಿಕೆಯ 12 ತತ್ವಗಳಲ್ಲಿ ಕೊನೆಯದು ಇದೇ.

ಕಣದಲ್ಲಿ ಒಣಹಾಕಿದ ಕಾಫಿ ಮಳೆಗೆ ನೆನೆದಾಗ “ಯಾರು ಮುಚ್ಚಲಿಲ್ಲ?” ಎಂದು ಗದರಿದರೆ ಎಲ್ಲರೂ ತಲೆತಗ್ಗಿಸುತ್ತಾರೆ. “ಟಾರ್ಪಾಲು ಎಲ್ಲಿತ್ತು?” ಎಂದು ಕೇಳಿದರೆ ದಾರಿ ಸಿಗುತ್ತದೆ. ಈ ಸಭೆಯೂ ಹಾಗೆಯೇ. ಕಿರಿಯರು ಮೊದಲು ಮಾತಾಡಲಿ. ಹತ್ತು ದೂರು ಬಂದರೂ ಒಂದೆರಡು ಬದಲಾವಣೆ ಮಾತ್ರ ಆರಿಸಿ, ಯಾರು ಯಾವಾಗ ಮಾಡುವುದೆಂದು ಬರೆದಿಡಿ. ಮುಂದಿನ ಸಭೆ ಆ ಬರಹದಿಂದಲೇ ಶುರುವಾಗಲಿ. ಇಲ್ಲದಿದ್ದರೆ ಮೂರನೇ ಸಲ ಯಾರೂ ಬಾಯಿ ಬಿಡುವುದಿಲ್ಲ.

ನಮ್ಮ ಸಂಘದ ಸಮಿತಿಗಳೂ ಹೀಗೆ ಕುಳಿತುಕೊಳ್ಳಲಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.